ಬೀದಿಗೊಂದೇ ಇ-ಮೇಲ್

ಮಹದೇವಪ್ಪನವರ ಕಷ್ಟಕ್ಕೆಲ್ಲ ಮೂಲ ಒಂದೇ ಒಂದು ಮಾತು. ಅವರು ಗುಮಾಸ್ತರಾಗಿದ್ದ ಖಾಸಗಿ ಐಟಿಐನವರು ಕೆಲವು ವರ್ಷಗಳ ಹಿಂದೆ ಸಿಬ್ಬಂದಿಗೆಲ್ಲ ಕಂಪ್ಯೂಟರ್ ತರಬೇತಿ ಕೊಡಿಸಿದ್ದರು. ಆ ಸಂಜೆ ಚಾಮರಾಜಪುರಂನ ತಮ್ಮ ಗಲ್ಲಿಗೆ ಬಂದವರೇ, ಕಾಂಪೌಂಡಿಗೆ ಒರಗಿ ನಿಂತಿದ್ದ ನಾಲ್ಕು ಜನರ ಎದುರು, “ನನಗೂ ಒಂದು ಇ-ಮೇಲ್ ಇದೆ ಕಣ್ರೀ” ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮಹದೇವಪ್ಪನವರ ಬಳಿ ಮುತ್ತೇನೂ ಇರಲಿಲ್ಲ. ಇದ್ದ ಒಂದು ಸಂಜೆ ಆ ಮಾತಿನ ಜೊತೆಗೇ ಹೊರಟುಹೋಯಿತು.

ಆ ಗಲ್ಲಿಗೆ ಒಂದು ಹಳೇ ರೂಢಿಯಿತ್ತು. ಮೊಬೈಲು ಬರುವ ಮುಂಚೆ ಅಲ್ಲಿ ಇದ್ದದ್ದು ಒಂದೇ ಫೋನು, ನಿವೃತ್ತ ಬಸ್ ಡ್ರೈವರ್ ಸಣ್ಣಮಾದಯ್ಯನವರ ಮನೆಯಲ್ಲಿ. ಗಲ್ಲಿಯವರೆಲ್ಲ ಬಂಧುಬಳಗಕ್ಕೆ ಅದೇ ನಂಬರು ಕೊಟ್ಟು ಪಕ್ಕದಲ್ಲಿ ‘ಪಿ.ಪಿ.’ ಎಂದು ಬರೆಯುತ್ತಿದ್ದರು. ಫೋನು ನಮ್ಮದಲ್ಲ, ಪಕ್ಕದ ಮನೆಯವರದು, ಕರೆದರೆ ಓಡಿಬರುತ್ತೇವೆ ಎಂದು ಅದರ ಅರ್ಥ. ಸಣ್ಣಮಾದಯ್ಯನವರು ಉಣ್ಣುವ ಎಲೆ ಬಿಟ್ಟೆದ್ದು, ಎಂಜಲು ಕೈಯಲ್ಲೇ ಬೀದಿಗೆ ಬಂದು ಒಬ್ಬೊಬ್ಬರನ್ನೂ ಕೂಗಿ ಕೂಗಿ ಗಂಟಲು ಹರಿದುಕೊಂಡವರು. ಮಹದೇವಪ್ಪನವರ ಮಗಳು ಅಕ್ಷತಾಳ ಮದುವೆ ಕುದುರಿದ್ದೂ ಅದೇ ಫೋನಿನಲ್ಲಿ. ಮೊಬೈಲು ಬಂತು, ಸಣ್ಣಮಾದಯ್ಯನವರಿಗೆ ಬಿಡುಗಡೆಯಾಯಿತು. ಪಿ.ಪಿ. ಮಾತ್ರ ಸಾಯಲಿಲ್ಲ. ಅದು ಸೀದಾ ಬಂದು ಮಹದೇವಪ್ಪನವರ ಇ-ಮೇಲಿಗೆ ಹತ್ತಿಕೊಂಡಿತು.

ಬ್ಯಾಂಡ್‌ಸೆಟ್ಟಿನ ಕಾಳಯ್ಯ ತನ್ನ ವಿಸಿಟಿಂಗ್ ಕಾರ್ಡಿನಲ್ಲಿ ಮಹದೇವಪ್ಪನವರ ವಿಳಾಸ ಅಚ್ಚು ಹಾಕಿಸಿ ಮುಂದೆ ಪಿ.ಪಿ. ಎಂದು ಸೇರಿಸಿದ. ಆಸ್ಪತ್ರೆಯಲ್ಲಿ ಆಯಾ ಆಗಿ ನಿವೃತ್ತಿ ಹೊಂದಿದ್ದ ಚಲುವಮ್ಮ ಮೊಮ್ಮಗಳು ಲಾಸ್ಯಳಿಗೆ ಬರುವ ಗಂಡುಗಳ ಫೋಟೋಗಳನ್ನು ಅಲ್ಲಿಗೇ ತರಿಸತೊಡಗಿದರು. ಸಣ್ಣಮಾದಯ್ಯನವರು ದಿನಭವಿಷ್ಯಕ್ಕೆ ಹೆಸರು ಕೊಟ್ಟರು. ಮಹದೇವಪ್ಪನವರು ಊರಿಗೆ ಹೋದರೆ ತೊಂದರೆಯಾಗಬಾರದೆಂದು ಪಾಸ್‌ವರ್ಡನ್ನೂ ಗಲ್ಲಿಯವರೇ ಸೇರಿ ಆರಿಸಿದರು. ನಂಜುಂಡೇಶ್ವರನ ಹೆಸರು, ಎಲ್ಲರಿಗೂ ಬಾಯಿಪಾಠ. ಕಚೇರಿ ಮುಗಿಸಿ ಮಹೇಶನ ಸೈಬರ್ ಸೆಂಟರಿಗೆ ಹೋಗಿ, ಬಂದದ್ದನ್ನೆಲ್ಲ ಪ್ರಿಂಟ್ ತೆಗೆಸಿ ಮನೆಮನೆಗೆ ಹಂಚುವುದು ಮಹದೇವಪ್ಪನವರ ಪಾಲಿನ ಸೇವೆ. ಪ್ರಿಂಟಿನ ಖರ್ಚು ಅವರವರೇ ಕೊಡುತ್ತಿದ್ದರು, ಆ ವಿಷಯದಲ್ಲಿ ಯಾರನ್ನೂ ಬೈಯುವ ಹಾಗಿಲ್ಲ.

ಮೊದಲು ಆ ಹೊತ್ತಿನಲ್ಲಿ ಮಹದೇವಪ್ಪನವರೂ ಅವರ ಹೆಂಡತಿ ಪ್ರೇಮಲೀಲಾ ಅವರೂ ಚಾಮರಾಜಪುರಂ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಬರುತ್ತಿದ್ದರು. ಏನೂ ಮಾತಾಡುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದರು. ಈಗೀಗ ಪ್ರೇಮಲೀಲಾ “ಬರ್ತೀರಾ?” ಎಂದು ಕೇಳುವುದನ್ನೇ ಬಿಟ್ಟಿದ್ದರು. ಅವರು ಜಗಳವಾಡಿದ್ದರೆ ಮಹದೇವಪ್ಪನವರಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವರಿಗೆ ದೇವರಲ್ಲಿ ಬೇರೆ ಯಾವ ಬೇಡಿಕೆಯೂ ಇರಲಿಲ್ಲ, ಆ ಒಂದು ಗಂಟೆ ವಾಪಸು ಸಿಕ್ಕರೆ ಸಾಕಾಗಿತ್ತು. ಆದರೆ ಒಲ್ಲೆ ಎನ್ನುವುದು ಹೇಗೆ? ಒಮ್ಮೆ ಗೊಣಗಿದ್ದಕ್ಕೆ ಸಣ್ಣಮಾದಯ್ಯನವರು, “ನಾನು ಅಷ್ಟು ವರ್ಸ ಫೋನು ಎತ್ತಲಿಲ್ವಾ ಮಾದೇವಪ್ನೋರೆ? ನಿಮ್ಮ ಬೀಗ್ರು ರಾತ್ರಿ ಹೊತ್ನಲ್ಲಿ ಫೋನ್ ಮಾಡ್ದಾಗ ಒಂದ್ ದಿನ ಬೇಜಾರ್ ಮಾಡ್ಕಂಡಿದ್ನಾ?” ಎಂದಿದ್ದರು. ಮಹದೇವಪ್ಪನವರು ಅಂದಿನಿಂದ ಗೊಣಗುವುದನ್ನೂ ಬಿಟ್ಟರು.

ಹೀಗಿರುವಾಗ ಎರಡು ಸಾವಿರದ ಒಂಬತ್ತರ ಆಗಸ್ಟಿನಲ್ಲಿ ಹಂದಿಜ್ವರದ ಸುದ್ದಿ ಮೈಸೂರಿಗೂ ಬಂತು. ಕೆಮ್ಮಿದವನನ್ನು ಕಂಡರೆ ಜನ ರಸ್ತೆ ದಾಟುತ್ತಿದ್ದರು. ಔಷಧಿ ಅಂಗಡಿಗಳಲ್ಲಿ ಮಾಸ್ಕು ಮುಗಿದು, ಕರವಸ್ತ್ರ, ಸೆರಗು, ಟವೆಲು ಎಲ್ಲ ಮೂಗಿಗೇರಿದವು. ಎರಡನೇ ಶನಿವಾರ, ರಜೆ. ಮಹದೇವಪ್ಪನವರು ಕಾಫಿ ಲೋಟ ಬಾಯಿಗಿಡುವಷ್ಟರಲ್ಲಿ ಬಾಗಿಲು ಬಡಿಯಿತು.

ಚಲುವಮ್ಮ ನಿಂತಿದ್ದರು. ಮೂಗಿಗೆ ಸೆರಗು, ಕೊರಳಲ್ಲಿ ಕರ್ಪೂರ ಏಲಕ್ಕಿಯ ಪುಟ್ಟ ಗಂಟು, ಕೈಯಲ್ಲಿ ಹಿಂದಿನ ಸಂಜೆಯ ಪ್ರಿಂಟು. ಹಿಂದೆ ಸಣ್ಣಮಾದಯ್ಯ, ಅವರ ಹಿಂದೆ ಕಾಳಯ್ಯ.

“ಅಲ್ರೀ ಮಾದೇವಪ್ಪೋರೆ, ಇಂಥಾ ವಿಷ್ಯ ಹೇಳೋದಲ್ವಾ? ಲಂಡನ್ನಿಂದ ಹಂದಿಜ್ವರದ ಲಸಿಕೆ ಬಿಟ್ಟಿ ಕೊಡ್ತಾರಂತೆ. ನಾಳೆ ಒಳಗೆ ಪಾಸ್‌ವರ್ಡು, ಹುಟ್ಟಿದ ದಿವ್ಸ ಬರ್ದು ಕಳಿಸ್ಬೇಕಂತೆ. ಲಾಸ್ಯ ಓದಿ ಹೇಳಿದ್ಲು!”

ಮಹದೇವಪ್ಪನವರಿಗೆ ಜ್ಞಾಪಕ ಬಂತು. ‘ವಿಶ್ವ ಹಂದಿಜ್ವರ ನಿವಾರಣಾ ಇಲಾಖೆ, ಲಂಡನ್’ ಎಂಬ ಹೆಸರಿನಲ್ಲಿ ಬಂದ ಆ ಮೇಲನ್ನು ಅವರು ನಿನ್ನೆಯೇ ನೋಡಿದ್ದರು. ಇದು ಮೋಸದ್ದು ಎಂದು ಓದಿದ ಕೂಡಲೇ ಗೊತ್ತಾಗಿತ್ತು. ಆದರೆ ಮಹೇಶ ಬಂದದ್ದನ್ನೆಲ್ಲ ಒಟ್ಟಿಗೆ ಪ್ರಿಂಟ್ ಕೊಡುತ್ತಿದ್ದನಾದ್ದರಿಂದ ಅದು ಯಾವುದೋ ಗಂಡಿನ ಜಾತಕದ ಜೊತೆ ಚಲುವಮ್ಮನವರ ಮನೆ ಸೇರಿತ್ತು.

“ಅದು ಸುಳ್ಳು ಕಣಮ್ಮ. ಕಳ್ಳರು ಕಳಿಸಿರೋದು.”

“ಸುಳ್ಳಾದ್ರೆ ಒಂದು ಖಾತೆಗೆ ಒಂದೇ ಲಸಿಕೆ ಅಂತ ಅಷ್ಟು ಖಂಡಿತವಾಗಿ ಯಾಕೆ ಬರೀತಿದ್ರು?” ಎಂದರು ಸಣ್ಣಮಾದಯ್ಯ. ಹಾಗೆಂದ ಮೇಲೆ ಅವರ ಮುಖವೇ ಸಣ್ಣಗಾಯಿತು. “ಒಂದೇನಾ? ಅಂಗಾದ್ರೆ ಅದು ಯಾರ್ಗೆ?”

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಖಾತೆ ಒಂದು, ಗಲ್ಲಿಯ ತುಂಬ ಜನ. ಸಣ್ಣಮಾದಯ್ಯನವರು ವಯಸ್ಸಿನ ಮೇಲೆ ತಮಗೇ ಸಲ್ಲಬೇಕೆಂದರು. ಜೀವಮಾನವೆಲ್ಲ ರೋಗಿಗಳ ಮಧ್ಯೆ ಕಳೆದ ನನಗಲ್ಲದೆ ಇನ್ಯಾರಿಗೆ ಎಂದರು ಚಲುವಮ್ಮ. ಕಾಳಯ್ಯ ಕ್ಲಾರಿಯೊನೆಟ್ ಊದುವವನು.

“ಅಣ್ಣೋ, ನೀವೆಲ್ಲ ಬಾಯಿಗೆ ಬಟ್ಟೆ ಕಟ್ಕಂಡು ಬದುಕ್ತೀರಿ. ನಾನು ಮಾಸ್ಕು ಆಕ್ಕಂಡು ಎಂಗಣ್ಣ ಊದ್ಲಿ? ಮದ್ವೆ ಮನೇಲಿ ಊರೋರ ಗಾಳಿಯೆಲ್ಲ ನಾನೇ ಎಳ್ಕೋಬೇಕು!” ಎಂದ. ನಿಜಕ್ಕೂ ಅದು ಯೋಚಿಸಬೇಕಾದ ಮಾತಾಗಿತ್ತು.

“ಇವ್ರು ಯಾಕೆ ಸುಳ್ಳು ಅಂತಾವ್ರೆ ಗೊತ್ತಾಯ್ತಾ?” ಎಂದು ಚಲುವಮ್ಮ ಇದ್ದಕ್ಕಿದ್ದಂತೆ ಕಣ್ಣು ಕಿರಿದು ಮಾಡಿದರು. “ಖಾತೆ ಇವ್ರ ಹೆಸರಲ್ಲಿದೆ. ನಮ್ಮನ್ನ ಕಳಿಸ್ಬುಟ್ಟು ಇವ್ರೇ ಚುಚ್ಚಿಸ್ಕಳಾಕೆ.”

ಮಹದೇವಪ್ಪನವರಿಗೆ ಅಳು ಬರುವಂತಾಯಿತು. ಕಾಫಿ ತಣ್ಣಗಾಗಿತ್ತು. ಲೋಟ ಕೆಳಗಿಟ್ಟು, ಮೂವರನ್ನೂ ಜಗಲಿಯ ಮೇಲೆ ದೂರದೂರ ಕೂರಿಸಿ ಪಾಠ ಶುರು ಮಾಡಿದರು.

“ನೋಡಿ ಚಲುವಮ್ಮ, ‘ಪ್ರಿಯ ಗ್ರಾಹಕರೇ’ ಅಂತ ಬರ್ದಿದಾನೆ. ನಮ್ಮ ಹೆಸರೇ ಗೊತ್ತಿಲ್ಲದೋನು ನಮ್ಮ ಪ್ರಾಣ ಉಳಿಸ್ತಾನಾ? ಇಲಾಖೆ ಅಂತಾನೆ, ಅವನ ವಿಳಾಸ ನೋಡಿದ್ರೆ ನಮ್ಮ ಹಾಗೇ ಬಿಟ್ಟಿ ಮೇಲು. ನಾಳೆ ಒಳಗೆ ಕಳಿಸಿ ಅಂತ ಹೆದರಿಸ್ತಾನೆ, ಯೋಚ್ನೆ ಮಾಡೋಕೆ ಟೈಮ್ ಕೊಟ್ರೆ ನಾವು ಕೊಡಲ್ವಲ್ಲ, ಅದಕ್ಕೆ. ಎಲ್ಲಕ್ಕಿಂತ ಹೆಚ್ಚಾಗಿ, ಸೂಜಿ ಚುಚ್ಚೋನಿಗೆ ತೋಳು ಬೇಕು ಕಣಮ್ಮ, ಪಾಸ್‌ವರ್ಡ್ ಯಾಕೆ? ಒಡವೆ ಪಾಲಿಶ್ ಮಾಡ್ಕೊಡ್ತೀನಿ ಅಂತ ಬಾಗಿಲಿಗೆ ಬರೋರಿಲ್ವಾ, ಇವನೂ ಅದೇ ಜಾತಿ.”

ಒಡವೆ ಪಾಲಿಶ್ ಎಂದದ್ದೇ ತಡ, ಚಲುವಮ್ಮ ಬರಿದಾದ ತಮ್ಮ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಆ ಕೈಯ ಬಳೆ ಹೋದ ಕತೆ ಗಲ್ಲಿಗೆಲ್ಲ ಗೊತ್ತಿತ್ತು.

“ಅವ್ನೂ ಎಷ್ಟು ಮರ್ಯಾದೆಯಾಗಿ ಮಾತಾಡ್ದ ಗೊತ್ತಾ,” ಎಂದರು ಮೆಲ್ಲಗೆ. “ಅಮ್ಮಾ ಅಮ್ಮಾ ಅಂತಿದ್ದ. ಹೌದು ಬುಡಿ, ಇವ್ನೂ ಅವ್ನೇ.”

ಮಹದೇವಪ್ಪನವರು ಗೆದ್ದೆನೆಂದುಕೊಂಡರು. ಅಲ್ಲೇ ಅವರು ಎಡವಿದ್ದು. ಗಲ್ಲಿಯವರಿಗೆ ಕಳ್ಳನನ್ನು ಗುರುತಿಸುವುದು ಕಲಿಸಿದ ಮೇಲೆ ಗಲ್ಲಿಯವರು ಸುಮ್ಮನಿರುತ್ತಾರೆಯೇ? ಹತ್ತು ಗಂಟೆಯ ಹೊತ್ತಿಗೆ ಎಲ್ಲರೂ ತಂತಮ್ಮ ಮನೆಯ ಹಳೇ ಪ್ರಿಂಟುಗಳನ್ನೆಲ್ಲ ಹೊತ್ತು ತಂದರು.

“ಅಣ್ಣೋ, ನಂಜನಗೂಡಿನೋರು ‘ಬ್ಯಾಂಡ್‌ನವರಿಗೆ ನಮಸ್ಕಾರ, ಅರ್ಜೆಂಟಾಗಿ ತಿಳಿಸಿ’ ಅಂತ ಬರ್ದವ್ರೆ. ನನ್ ಹೆಸ್ರಿಲ್ಲ, ಅರ್ಜೆಂಟು ಬೇರೆ. ಇವ್ರೂ ಕಳ್ರಾ?”

“ಅವ್ರು ಮದ್ವೆ ಮನೆಯೋರು ಕಾಳಯ್ಯ. ಮುಹೂರ್ತ ಅರ್ಜೆಂಟೇ ಅಲ್ವೇನಯ್ಯಾ?”

“ಈ ಗಂಡು ನೋಡ್ರಿ,” ಚಲುವಮ್ಮ ಒಂದು ಫೋಟೋ ಒಡ್ಡಿದರು. “ಒಳ್ಳೇ ಕೆಲಸ, ಒಳ್ಳೇ ಬಣ್ಣ, ಏನೂ ಕೇಳಲ್ಲ ಅಂತಾನೆ. ಬೇಗ ಮುಗಿಸಿ ಅಂತಾನೆ. ಬಿಟ್ಟಿ, ಅವಸರ, ಎರಡೂ ಐತೆ.”

“ನನ್ನ ಭವಿಷ್ಯದೋನು ‘ಇಂದು ಮೋಸ ಹೋಗುವ ಸಂಭವ’ ಅಂದವ್ನೆ,” ಎಂದರು ಸಣ್ಣಮಾದಯ್ಯ. “ಕಳ್ಳನಾಗಿದ್ರೆ ಇಂಗೆ ಮುಂಚೇನೇ ಹೇಳ್ತಿದ್ನಾ?”

ಮಧ್ಯಾಹ್ನದ ಊಟಕ್ಕೆ ಕೂರುವಷ್ಟರಲ್ಲಿ ತೀರ್ಮಾನವೂ ಆಗಿಹೋಯಿತು. ಕಾಲ ಕೆಟ್ಟಿದೆ, ಕಳ್ಳರು ಹೆಚ್ಚಿದ್ದಾರೆ. ಆದ್ದರಿಂದ ಮಹದೇವಪ್ಪನವರು ಇನ್ನು ಮೇಲೆ ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ಒಂದು ಸಲ, ಸಂಜೆ ಒಂದು ಸಲ ಸೈಬರಿಗೆ ಹೋಗಿ, ಒಂದೊಂದು ಮೇಲನ್ನೂ ಅಸಲಿಯೋ ನಕಲಿಯೋ ಪರೀಕ್ಷಿಸಿ, ಮೂಲೆಯಲ್ಲಿ ಸಹಿ ಹಾಕಿ ಹಂಚಬೇಕು. ಇವತ್ತಿನಿಂದಲೇ ಶುರು.

ಪ್ರೇಮಲೀಲಾ ಅನ್ನ ಬಡಿಸುತ್ತಿದ್ದವರು ಒಂದು ಕ್ಷಣ ಕೈ ತಡೆದರು. ಆಮೇಲೆ, “ಸಾರು ಹಾಕ್ಲಾ?” ಎಂದಷ್ಟೇ ಕೇಳಿದರು.

ಊಟವಾದ ಮೇಲೆ ಮಹದೇವಪ್ಪನವರು ಕಾಲೆಳೆದುಕೊಂಡು ಸೈಬರಿಗೆ ಹೋದರು. ಅಲ್ಲಿನ ಧೂಳಿಗೆ ಜೋರಾಗಿ ಒಂದು ಸೀನು ಬಂತು. ಅಕ್ಕಪಕ್ಕದ ಕುರ್ಚಿಗಳಲ್ಲಿದ್ದ ಹುಡುಗರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಎದ್ದು ಹೋದರು. ಮಹೇಶ ಮೂಗು ಮುಚ್ಚಿಕೊಂಡು, “ಸರ್, ಬೇಗ ಮುಗಿಸ್ಕೊಳ್ಳಿ, ನನ್ನ ಗಿರಾಕಿಗಳೆಲ್ಲ ಓಡೋದ್ರು” ಎಂದ. ಮಹದೇವಪ್ಪನವರಿಗೆ ಸಣ್ಣದೊಂದು ಆಸೆ ಮೂಡಿತು. ನನಗೆ ಹಂದಿಜ್ವರ ಬಂದಿದೆಯೆಂದು ಸುದ್ದಿಯಾದರೆ? ಯಾರೂ ಹತ್ತಿರ ಬರುವುದಿಲ್ಲ. ಆದರೆ ಚಲುವಮ್ಮನವರು ಏನೆನ್ನುತ್ತಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೈ ತೊಳ್ಕೊಂಡು ಪ್ರಿಂಟನ್ನ ದೂರದಿಂದ ಎಸೀರಿ ಎನ್ನುತ್ತಾರೆ.

ಮೇಲು ತೆರೆದರು. ಲಂಡನ್ ಇಲಾಖೆಯವನದು ಇನ್ನೊಂದು ಬಂದಿತ್ತು. ‘ಪ್ರಿಯ ಗ್ರಾಹಕರೇ, ನೀವಿನ್ನೂ ಪಾಸ್‌ವರ್ಡ್ ಕಳಿಸಿಲ್ಲ. ತಪ್ಪಿದರೆ ನಿಮ್ಮ ಖಾತೆ ಶಾಶ್ವತವಾಗಿ ಕಳೆದುಹೋಗುತ್ತದೆ.’

ಮಹದೇವಪ್ಪನವರು ಆ ಕೊನೆಯ ಸಾಲನ್ನು ಓದಿದರು. ಮತ್ತೆ ಓದಿದರು. ಶಾಶ್ವತವಾಗಿ ಕಳೆದುಹೋಗುತ್ತದೆ. ಅಷ್ಟು ಇಂಪಾದ ಮಾತನ್ನು ಅವರಿಗೆ ಈಚೆಗೆ ಯಾರೂ ಆಡಿರಲಿಲ್ಲ. ಕಳಿಸದಿದ್ದರೆ ಅಲ್ಲ, ಕಳಿಸಿದರೆ ತಾನೇ ಅದು ನಿಜವಾಗುವುದು.

ಎಲ್ಲೋ ದೂರದಲ್ಲಿ ಒಬ್ಬ ಮನುಷ್ಯ, ನಾನು ಬೇಡ ಬೇಡ ಎಂದು ತಲೆ ಚಚ್ಚಿಕೊಳ್ಳುತ್ತಿರುವ ಹೊರೆಯನ್ನು ಕೊಡಪ್ಪಾ ಎಂದು ಕೈಯೊಡ್ಡಿ ಕೇಳುತ್ತಿದ್ದಾನೆ. ನಾನು ಯಾಕೆ ಇಷ್ಟು ಜಿಪುಣತನ ಮಾಡುತ್ತಿದ್ದೇನೆ? ಬ್ಯಾಂಕಿನ ವಿಷಯ ಇದರಲ್ಲಿ ಏನೂ ಇಲ್ಲ. ಇರುವುದು ಬ್ಯಾಂಡು, ಭವಿಷ್ಯ, ಗಂಡುಗಳ ಫೋಟೋ. ತೆಗೆದುಕೊಂಡು ಹೋಗಿ ಅನುಭವಿಸಲಿ.

ಆದರೂ ಮಹದೇವಪ್ಪನವರು ಧರ್ಮಭೀರು. ಕಾಳಯ್ಯನ ನಂಜನಗೂಡಿನ ಮದುವೆ, ಲಾಸ್ಯಳಿಗೆ ಬಂದ ಗಂಡುಗಳ ಮನೆಯ ವಿಳಾಸ, ಯಾರ ಯಾರ ಕೆಲಸಕ್ಕೆ ಏನೇನು ಬೇಕೋ ಅದನ್ನೆಲ್ಲ ಪ್ರಿಂಟ್ ತೆಗೆಸಿ ಪಕ್ಕಕ್ಕಿಟ್ಟುಕೊಂಡರು. ಆಮೇಲೆ ಬೆರಳ ನೆಟಿಕೆ ಮುರಿದು, ಗುಮಾಸ್ತಿಕೆಯ ಅಭ್ಯಾಸ ಬಿಡದೆ, ಕ್ರಮವಾಗಿ ಬರೆದರು: ‘ಮಾನ್ಯರೇ, ತಮ್ಮ ಪತ್ರಗಳು ತಲುಪಿವೆ. ಪಾಸ್‌ವರ್ಡ್ ಈ ಕೆಳಕಂಡಂತಿದೆ. ವಿಳಂಬಕ್ಕೆ ಕ್ಷಮೆಯಿರಲಿ. ತಾವು ಶೀಘ್ರವಾಗಿ ಕ್ರಮ ಕೈಗೊಳ್ಳಬೇಕಾಗಿ ಕೋರುತ್ತೇನೆ. ಇಂತಿ ತಮ್ಮ ವಿಶ್ವಾಸಿ.’ ಅಷ್ಟನ್ನೂ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ನಂಜುಂಡೇಶ್ವರನ ಹೆಸರು ಟೈಪು ಮಾಡಿ, ಮನಸ್ಸಿನಲ್ಲೇ ಆ ಸ್ವಾಮಿಯ ಕ್ಷಮೆ ಕೇಳಿ ಕಳಿಸಿಬಿಟ್ಟರು.

ಸೈಬರಿನಿಂದ ಹೊರಗೆ ಬಂದಾಗ ಅವರಿಗೆ ಮೈ ಹಗುರವಾಗಿತ್ತು. ಪ್ರಿಂಟುಗಳನ್ನು ಅವರವರ ಬಾಗಿಲ ಸಂದಿಯಲ್ಲಿ ತೂರಿಸಿ ಮನೆಗೆ ಬಂದವರೇ, “ಪ್ರೇಮಾ, ಚಪ್ಪಲಿ ಹಾಕ್ಕೋ, ಸ್ಟೇಷನ್ ಕಡೆ ಹೋಗೋಣ” ಎಂದರು.

ಪ್ರೇಮಲೀಲಾ ಗಂಡನ ಹಣೆ ಮುಟ್ಟಿ ನೋಡಿದರು. “ಜ್ವರ ಇಲ್ವಲ್ಲ? ನಿಮ್ಮ ಸೈಬರ್ರು?”

“ಇನ್ಮೇಲೆ ಇಲ್ಲ. ಚಾರ್ಜ್ ಬೇರೆಯೋರಿಗೆ ವಹಿಸ್ಬಿಟ್ಟೆ ಅಂದ್ಕೋ.”

ಬೆಂಚಿನ ಮೇಲೆ ಇಬ್ಬರೂ ಕತ್ತಲಾಗುವವರೆಗೆ ಕೂತಿದ್ದರು. ಮೋಡ ಮುಚ್ಚಿತ್ತು, ಗಾಳಿ ತಂಪಾಗಿತ್ತು. ಪ್ಲಾಟ್‌ಫಾರಂನಲ್ಲಿ ಜನವಿರಲಿಲ್ಲ, ರೋಗದ ಭಯ. ಪ್ರೇಮಲೀಲಾ ಸೆರಗಿನಲ್ಲಿ ಕಟ್ಟಿ ತಂದ ಹುರಿಗಡಲೆಯನ್ನು ಸ್ವಲ್ಪ ಸ್ವಲ್ಪವೇ ಗಂಡನ ಅಂಗೈಗೆ ಹಾಕುತ್ತಿದ್ದರು. “ನಾಳೆನೂ ಬರೋಣ ಅಲ್ವಾ?” ಎಂದು ಅವರು ಕೇಳಿದರು. “ದಿನಾ ಬರೋಣ” ಎಂದರು ಮಹದೇವಪ್ಪನವರು. ಇಷ್ಟು ಸುಖವಾಗಿ ಅವರು ಕೂತು ಯಾವ ಕಾಲವಾಗಿತ್ತೋ.

ವಾಪಸು ಬಂದರೆ ಗಲ್ಲಿಯೆಲ್ಲ ಅವರ ಮನೆಯ ಮುಂದೆ ನಿಂತಿತ್ತು. ಮಹದೇವಪ್ಪನವರು ಇದನ್ನು ನಿರೀಕ್ಷಿಸಿಯೇ ಇದ್ದರು. ದಾರಿಯಲ್ಲೇ ಮುಖಕ್ಕೆ ಒಂದಿಷ್ಟು ಶೋಕ ತಂದುಕೊಂಡು, “ಏನು ಹೇಳಲಿ, ನಮ್ಮ ಇ-ಮೇಲು...” ಎಂದು ಶುರು ಮಾಡಿದರು.

“ಎಲ್ಲೂ ಹೋಗಿಲ್ಲ ಬುಡಿ, ಭದ್ರವಾಗೈತೆ!” ಎಂದರು ಚಲುವಮ್ಮ. ಅವರ ಮುಖ ಪರೀಕ್ಷೆ ಪಾಸಾದ ಹುಡುಗಿಯಂತೆ ಬೆಳಗುತ್ತಿತ್ತು. “ಬೆಳಿಗ್ಗೆ ನೀವು ಹೇಳಿದ್ದು ನಂಗೆ ಮನಸ್ಸಿಗೆ ನಾಟ್ಬುಡ್ತು ಮಾದೇವಪ್ಪೋರೆ. ಬೀದಿಗೆಲ್ಲ ಗೊತ್ತಿರೋ ಪಾಸ್‌ವರ್ಡು ಬಾಗಿಲು ತೆಗ್ದಿಟ್ಟ ಮನೆ ಇದ್ದಂಗೆ ಅಲ್ವಾ? ಬಳೆ ಹೋದಂಗೆ ಇದೂ ಹೋಗ್ಬಾರ್ದು ಅಂತ, ಮಲಗಿದ್ದೋಳು ಎದ್ದು ಸೀದಾ ಮಹೇಶನ ಹತ್ರ ಹೋದೆ. ನೀವು ಆಗಷ್ಟೇ ಎದ್ದೋಗಿದ್ರಂತೆ. ಹೊಸಾ ಪಾಸ್‌ವರ್ಡು ಹಾಕ್ಸಿ ಬಂದೆ. ಕಳ್ಳನ ಅಪ್ಪ ಬಂದ್ರೂ ಈಗ ಒಳಗೆ ಬರಕ್ಕಾಗಲ್ಲ!”

ಮಹದೇವಪ್ಪನವರು ಮುಖಕ್ಕೆ ತಂದುಕೊಂಡಿದ್ದ ಶೋಕ ಈಗ ನಿಜದ್ದಾಯಿತು.

ಸಣ್ಣಮಾದಯ್ಯನವರು ಕೆಮ್ಮಲು ಹೋಗಿ, ಕಾಲ ಸರಿಯಿಲ್ಲವೆಂದು ನುಂಗಿಕೊಂಡು, ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದರು. “ಅದೆಲ್ಲ ಸರಿ. ಆಗ ಮಹೇಶ ಚಲುವಮ್ನೋರ್ಗೆ ಇದನ್ನ ತೋರಿಸ್ದ. ಕಳಿಸಿದ ಮೇಲುಗಳಲ್ಲಿ ಮೊದಲ್ನೇದೇ ಇತ್ತಂತೆ. ಇದು ನೀವೇ ಬರ್ದಿದ್ದಾ, ಮಾದೇವಪ್ನೋರೆ?”

“‘ಮಾನ್ಯರೇ’ ಅಂತೆ!” ಎಂದ ಕಾಳಯ್ಯ. “ಕಳ್ಳಂಗೆ! ‘ತಮ್ಮ ವಿಶ್ವಾಸಿ’ ಅಂತೆ!”

ಎಲ್ಲರ ಮೂಗಿನ ಬಟ್ಟೆಗಳ ಮೇಲಿನಿಂದ ಕಣ್ಣುಗಳು ಮಹದೇವಪ್ಪನವರನ್ನೇ ನೋಡುತ್ತಿದ್ದವು. ಅವರ ಮುಂದೆ ಇದ್ದದ್ದು ಎರಡೇ ದಾರಿ. ಬೇಕೆಂದೇ ಕೊಟ್ಟೆ, ನಿಮ್ಮ ಕಾಟ ತಡೆಯಲಾರದೆ ಕೊಟ್ಟೆ ಎನ್ನಬೇಕು. ಹಾಗೆಂದರೆ, ಮಗಳ ಮದುವೆಗೆ ಎಂಜಲು ಕೈಯಲ್ಲಿ ಓಡಿಬಂದು ಕೂಗಿದ ಮನುಷ್ಯನ ಮುಖವನ್ನು ನಾಳೆಯಿಂದ ನೋಡುವುದು ಹೇಗೆ? ಇಲ್ಲವೇ, ಇಡೀ ಬೆಳಿಗ್ಗೆ ಊರಿಗೆ ಬುದ್ಧಿ ಹೇಳಿ ಸಂಜೆಯೊಳಗೆ ತಾನೇ ಬಲೆಗೆ ಬಿದ್ದ ದಡ್ಡ ಎನಿಸಿಕೊಳ್ಳಬೇಕು.

ಪ್ರೇಮಲೀಲಾ ಗಂಡನ ಮುಖ ನೋಡಿದರು. ಚಾರ್ಜ್ ಯಾರಿಗೆ ವಹಿಸಿದ್ದು ಎಂದು ಅವರಿಗೆ ಆಗ ಅರ್ಥವಾಯಿತು. ಬಾಯಿ ತೆರೆಯಲು ಹೋದರು, ಮಹದೇವಪ್ಪನವರು ಕಣ್ಣಲ್ಲೇ ಬೇಡವೆಂದರು.

“ಹೌದು,” ಎಂದರು ತಲೆ ತಗ್ಗಿಸಿ. “ಮೋಸ ಹೋದೆ.”

“ಅಯ್ಯೋ ಪಾಪ,” ಎಂದು ಗಲ್ಲಿಯೆಲ್ಲ ಒಂದೇ ಉಸಿರು ಬಿಟ್ಟಿತು. ಬೈದಿದ್ದರೂ ತಡೆದುಕೊಳ್ಳಬಹುದಾಗಿತ್ತು. ಚಲುವಮ್ಮ ರೋಗದ ಭಯವನ್ನೂ ಮರೆತು ಹತ್ತಿರ ಬಂದು ಭುಜ ತಟ್ಟಿದರು. “ಹೋಗ್ಲಿ ಬುಡಿ, ವಯಸ್ಸಾಯ್ತು. ಎಂಥೆಂಥೋರೋ ಮೋಸ ಹೋಗ್ತಾರೆ, ನಾನು ಹೋಗ್ಲಿಲ್ವಾ? ಅದಕ್ಕೇಂತ ಬೇಜಾರ್ ಮಾಡ್ಕೊಂಡು ನಮ್ಮ ಮೇಲು ತರೋದು ನಿಲ್ಲಿಸ್ಬೇಡಿ. ನಾಳೆ ಬೆಳಿಗ್ಗೆ ಯಥಾಪ್ರಕಾರ ಹೋಗಿ. ಮಹೇಶ ತೆಗ್ದು ಕೊಡ್ತಾನೆ, ನೀವು ಏನೂ ಮುಟ್ಬೇಡಿ, ಪ್ರಿಂಟ್ ಇಸ್ಕೊಂಡು ಹಂಚಿದ್ರೆ ಸಾಕು.”

“ಬೆಳಿಗ್ಗೆನೂ, ಸಂಜೆನೂ,” ಎಂದು ಸಣ್ಣಮಾದಯ್ಯ ನೆನಪಿಸಿದರು.

ಮಹದೇವಪ್ಪನವರು ದಣಿದ ಕಣ್ಣೆತ್ತಿ, “ಅಲ್ಲ ಚಲುವಮ್ಮ, ಖಾತೆ ನನ್ನದಲ್ವಾ? ಹೊಸಾ ಪಾಸ್‌ವರ್ಡ್ ಏನು ಅಂತ ನನಗಾದ್ರೂ ಹೇಳ್ಬೇಕಲ್ಲ?” ಎಂದರು.

ಚಲುವಮ್ಮ ಹಿಂದೆ ತಿರುಗಿ ಗಲ್ಲಿಯವರನ್ನು ನೋಡಿದರು. ಕಾಳಯ್ಯ ಜೋರಾಗಿ ತಲೆಯಾಡಿಸಿದ. ಗೇಟಿನ ಬಳಿ ನಿಂತ ಹೆಂಗಸರೂ ತಲೆಯಾಡಿಸಿದರು.

“ಬ್ಯಾಡಿ ಮಾದೇವಪ್ಪೋರೆ,” ಎಂದರು ಚಲುವಮ್ಮ, ಆಸ್ಪತ್ರೆಯಲ್ಲಿ ರೋಗಿಗಳನ್ನು ಸಮಾಧಾನ ಮಾಡುತ್ತಿದ್ದ ದನಿಯಲ್ಲಿ. “ಬೀದಿಯೋರಿಗೆಲ್ಲ ಹೇಳಿದೀನಿ, ಎಲ್ಲರಿಗೂ ಬಾಯಿಪಾಠ ಆಗೈತೆ. ನಿಮಗೆ ಮಾತ್ರ ಹೇಳಲ್ಲ.”